ಐಸ್ ಹಾಕಿಯಲ್ಲಿ ಒಟ್ಟು ಎಷ್ಟು ಗೋಲು? ಲೆಕ್ಕಕ್ಕೆ ಮೊದಲು ಗೋಲಿ (ಗೋಲ್‌ಕೀಪರ್) ಯಾರು ಅಂತ ನೋಡಿ

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಪಂದ್ಯದಲ್ಲಿ ಯಾರು ಗೆಲ್ಲುತ್ತಾರೆ ಅನ್ನೋದಷ್ಟೇ ಅಲ್ಲ, ಎರಡೂ ತಂಡ ಸೇರಿ ಎಷ್ಟು ಗೋಲು ಹೊಡೆಯುತ್ತವೆ ಅನ್ನೋದರ ಮೇಲೂ ಬೆಟ್ಟಿಂಗ್ ನಡೆಯುತ್ತದೆ. ಬೆಟ್ಟಿಂಗ್ ಕಂಪನಿ 5.5, 6 ಅಥವಾ 6.5 ಅಂತ ಒಂದು ಲೈನ್ ಇಡುತ್ತದೆ. ಅದಕ್ಕಿಂತ ಜಾಸ್ತಿ ಅಂದರೆ ಓವರ್, ಕಡಿಮೆ ಅಂದರೆ ಅಂಡರ್. ಲೈನ್ 6 ಇದ್ದು ಸರಿಯಾಗಿ 6 ಗೋಲೇ ಆದರೆ ಕಟ್ಟಿದ ದುಡ್ಡು ವಾಪಸ್.

ಟೊರೊಂಟೊ ಕಡೆ ಇರುವ ನಮ್ಮವರಿಗೆ ಇದು ಕಾನೂನುಬದ್ಧ. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 2022ರ ಏಪ್ರಿಲ್‌ನಿಂದ ಖಾಸಗಿ ಕಂಪನಿಗಳಿಗೂ ಅನುಮತಿ ಇದೆ, ವಯಸ್ಸು 19 ಆಗಿರಬೇಕು. ಭಾರತದಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ, ಹಾಗಾಗಿ ಇಲ್ಲಿ ಕೂತು ಓದುವವರು ದುಡ್ಡಿನ ಮಾತು ಬಿಟ್ಟು ಬರೀ ಲೆಕ್ಕ ಮಾಡಿ ನೋಡಿ, ಅದೂ ಮಜವಾಗಿಯೇ ಇರುತ್ತದೆ.

ಶುರು ಮಾಡೋದು ಸುಲಭ. ಒಂದು ತಂಡ ಪಂದ್ಯಕ್ಕೆ ಸರಾಸರಿ ಎಷ್ಟು ಹೊಡೆಯುತ್ತದೆ, ಎದುರಾಳಿ ಎಷ್ಟು ಬಿಟ್ಟುಕೊಡುತ್ತದೆ, ಇವೆರಡನ್ನು ಗುಣಿಸಿ ಲೀಗಿನ ಸರಾಸರಿಯಿಂದ ಭಾಗಿಸಿ. ಈಚಿನ ಸೀಸನ್‌ಗಳಲ್ಲಿ ಆ ಸರಾಸರಿ ತಂಡಕ್ಕೆ 3ರ ಆಸುಪಾಸು. ನಾವು 3.1 ಅಂತ ಇಟ್ಟುಕೊಳ್ಳೋಣ. ಮೊದಲ ತಂಡ 3.4 ಹೊಡೆದು 2.9 ಬಿಡುತ್ತದೆ, ಎರಡನೆಯದು 2.8 ಹೊಡೆದು 3.3 ಬಿಡುತ್ತದೆ ಅನ್ನಿ. ಮೊದಲಿನವರಿಗೆ 3.62, ಎರಡನೆಯವರಿಗೆ 2.62, ಒಟ್ಟು 6.24.

ಈಗ ಅಸಲಿ ವಿಷಯಕ್ಕೆ ಬರೋಣ. ಇವತ್ತು ಗೋಲಿ ಯಾರು? 80ಕ್ಕೂ ಹೆಚ್ಚು ಪಂದ್ಯಗಳ ಸೀಸನ್‌ನಲ್ಲಿ ಒಬ್ಬನೇ ಎಲ್ಲ ಪಂದ್ಯ ಆಡಲ್ಲ, ಅದರಲ್ಲೂ ಸತತ ಎರಡು ರಾತ್ರಿ ಪಂದ್ಯ ಇದ್ದರೆ ಒಂದರಲ್ಲಿ ಸಾಮಾನ್ಯವಾಗಿ ಬ್ಯಾಕಪ್ ಗೋಲಿಯೇ ನಿಲ್ಲುತ್ತಾನೆ. ಪಂದ್ಯದ ದಿನ ಬೆಳಗಿನ ಅಭ್ಯಾಸದ ಮೇಲೆ ಕಣ್ಣಿಡಿ: ಮೊದಲು ಐಸ್ ಬಿಟ್ಟು ಹೊರಬರುವ ಗೋಲಿಯೇ ಬಹುತೇಕ ಆ ರಾತ್ರಿ ಆಡುವವನು. ವರದಿಗಾರರು ಇದನ್ನು ಕಾದು ನೋಡಿ ತಕ್ಷಣ ಹಾಕುತ್ತಾರೆ. ಮುಖ್ಯ ಗೋಲಿ 100 ಶಾಟ್‌ಗಳಲ್ಲಿ 91.2 ತಡೆದರೆ, ಬ್ಯಾಕಪ್ 89 ತಡೆಯುತ್ತಾನೆ ಅನ್ನಿ. ನೋಡೋಕೆ ಚಿಕ್ಕ ವ್ಯತ್ಯಾಸ ಅಲ್ವಾ? 30 ಶಾಟ್ ಬಂದರೆ ಅದು 0.66 ಗೋಲು. ತಂಡದ ಸರಾಸರಿಯಲ್ಲಿ ಬ್ಯಾಕಪ್ ಆಡಿದ ಪಂದ್ಯಗಳೂ ಸೇರಿರುವುದರಿಂದ ಪೂರ್ತಿ ಸೇರಿಸಬೇಡಿ. ಅದರಲ್ಲಿ ಶೇಕಡಾ 70, ಅಂದರೆ ಸುಮಾರು 0.46 ಸೇರಿಸಿದರೆ ನಮ್ಮ ಒಟ್ಟು 6.7.

6.7 ಬಂತು, ಲೈನ್ 6.5 ಇದೆ, ಓವರ್ ಹಾಕೋಣ ಅಂತ ಬಹಳ ಜನ ಇಲ್ಲೇ ಎಡವುತ್ತಾರೆ. ಸರಾಸರಿ ಬೇರೆ, ಸಂಭವ ಬೇರೆ. ಆಗಾಗ ಒಂದು ಪಂದ್ಯ 9, 10 ಗೋಲಿಗೆ ಹೋಗಿ ಸರಾಸರಿಯನ್ನು ಮೇಲಕ್ಕೆ ಎಳೆಯುತ್ತದೆ. ಸರಾಸರಿಯಿಂದ ಸಂಭವ ಲೆಕ್ಕ ಹಾಕುವ ಪಾಯ್ಸನ್ ಸೂತ್ರ ಸ್ಪ್ರೆಡ್‌ಶೀಟ್‌ನಲ್ಲೇ ಇದೆ, ಅದಕ್ಕೆ 6.7 ಕೊಟ್ಟು ನೋಡಿ: 7 ಅಥವಾ ಜಾಸ್ತಿ ಗೋಲು ಬರುವ ಸಂಭವ ಬರೀ 50.5 ಶೇಕಡಾ. 1.91 ದರದಲ್ಲಿ (1 ಕಟ್ಟಿ ಗೆದ್ದರೆ ಒಟ್ಟು 1.91 ಕೈಗೆ) ನಷ್ಟವಾಗದೇ ಇರಬೇಕು ಅಂದರೂ 52.4 ಶೇಕಡಾ ಬೇಕು, ಆದ್ದರಿಂದ ಈ ಓವರ್ ಬಿಟ್ಟುಬಿಡಿ. ಅದೇ ಮುಖ್ಯ ಗೋಲಿ ಆಡಿದ್ದರೆ ಒಟ್ಟು 6.24ಕ್ಕಿಂತ ಹೆಚ್ಚಾಗುತ್ತಿರಲಿಲ್ಲ, ಅಂಡರ್‌ಗೆ ಕನಿಷ್ಠ ಸುಮಾರು 57 ಶೇಕಡಾ ಇರುತ್ತಿತ್ತು, ಒಬ್ಬ ಮನುಷ್ಯ ಬದಲಾದರೆ ಇಷ್ಟು ವ್ಯತ್ಯಾಸ!

ಪವರ್ ಪ್ಲೇ (ಎದುರಾಳಿಯ ಆಟಗಾರ ತಪ್ಪು ಮಾಡಿ ಹೊರಗೆ ಕೂತಾಗ ಒಬ್ಬ ಹೆಚ್ಚಿನ ಆಟಗಾರನೊಂದಿಗೆ ಆಡುವ ಅವಧಿ) ಕೂಡ ನೋಡಿ, ಆದರೆ ಅದಕ್ಕೆಂದು ಬೇರೆಯಾಗಿ ಗೋಲು ಸೇರಿಸಬೇಡಿ. ಎಡ್ಮಂಟನ್ ತಂಡ 2022-23ರಲ್ಲಿ 32.4 ಶೇಕಡಾ ಪವರ್ ಪ್ಲೇಗಳಲ್ಲಿ ಗೋಲು ಹೊಡೆದು ದಾಖಲೆ ಮಾಡಿತು, ಆದರೆ ಆ ಗೋಲುಗಳೆಲ್ಲ ತಂಡದ ಸರಾಸರಿಯಲ್ಲಿ ಆಗಲೇ ಇರುತ್ತವೆ.

ಕೊನೆಯ ಎರಡು ಮೂರು ನಿಮಿಷದಲ್ಲಿ ಹಿಂದಿರುವ ತಂಡ ಗೋಲಿಯನ್ನು ಹೊರಗೆ ಕರೆದು ಇನ್ನೊಬ್ಬ ಆಟಗಾರನನ್ನು ಇಳಿಸುತ್ತದೆ. 3-2 ಇದ್ದದ್ದು ಗೋಲಿ ಇಲ್ಲದ ಖಾಲಿ ಗೋಲುಪೆಟ್ಟಿಗೆಗೆ ಒಂದು ಬಿದ್ದು 4-2 ಆಗಬಹುದು, ಅಥವಾ 3-3 ಆಗಬಹುದು. 3-3 ಆದರೆ 6.5ರ ಓವರ್ ಗೆದ್ದಂತೆಯೇ, ಯಾಕೆಂದರೆ ಓವರ್‌ಟೈಮ್ ಆಗಲಿ ಶೂಟೌಟ್ ಆಗಲಿ, ಗೆದ್ದವರ ಲೆಕ್ಕಕ್ಕೆ ಒಂದೇ ಗೋಲು ಸೇರುತ್ತದೆ, ಒಟ್ಟು 7. ಅದೇ 60 ನಿಮಿಷ 2-2ರಲ್ಲೇ ಮುಗಿದರೆ ಒಟ್ಟು 5ಕ್ಕಿಂತ ಮೇಲೆ ಹೋಗುವ ದಾರಿಯೇ ಇಲ್ಲ. ಕೆಲವು ಕಡೆ 60 ನಿಮಿಷದ ಆಟಕ್ಕೆ ಮಾತ್ರ ಅನ್ವಯಿಸುವ ಲೈನ್ ಬೇರೆ ಇರುತ್ತದೆ, ಅಲ್ಲಿ ಈ ಹೆಚ್ಚಿನ ಗೋಲು ಲೆಕ್ಕಕ್ಕಿಲ್ಲ. ದುಡ್ಡು ಹಾಕುವ ಮುಂಚೆ ಯಾವ ಲೈನ್ ಅಂತ ಓದಿಕೊಳ್ಳಿ.