ಪೋರ್ಟಲ್‌ನಲ್ಲಿ ಸ್ಟಾರ್‌ಗಳನ್ನು ಬಿಟ್ಟು ತಂಡ ಕಟ್ಟಿದ್ದು: ನನ್ನ ಅನುಭವ

ಅಮೆರಿಕದ ಕಾಲೇಜ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಕಾಲೇಜ್ ಬದಲಿಸುವ ಆಟಗಾರರು ಹೆಸರು ಹಾಕುವ ಪಟ್ಟಿಗೆ ಪೋರ್ಟಲ್ ಎನ್ನುತ್ತಾರೆ. ಅಲ್ಲಿ ಈಗ ದುಡ್ಡಿದ್ದವನದೇ ತಂಡ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಎಲ್ಲಕ್ಕಿಂತ ಮೇಲಿನ ಹಂತವಾದ ಡಿವಿಷನ್ ಒಂದರಲ್ಲಿ 360ಕ್ಕೂ ಜಾಸ್ತಿ ಕಾಲೇಜುಗಳಿವೆ. ಅದರಲ್ಲಿ ನಮ್ಮದು ಬಡ ಸಾಲಿನದು. ತಂಡಗಳ ಬಲ ಅಳೆದು ಸ್ಥಾನ ಕೊಡುವ ಕೆನ್‌ಪಾಮ್ ಪಟ್ಟಿಯಲ್ಲಿ ಎರಡು ವರ್ಷ 250ರ ಆಚೆಗೇ ಬಿದ್ದಿದ್ದೆವು. 2025-26ರಲ್ಲಿ 120ರ ಆಸುಪಾಸಿಗೆ ಬಂದೆವು, ಗೆಲುವು ಇಪ್ಪತ್ತು ದಾಟಿತು. ಅದೂ ಹಿಂದಿನ ವರ್ಷಕ್ಕಿಂತ ಕಡಿಮೆ ಖರ್ಚಿನಲ್ಲಿ. ಆಗಲ್ಲ ಎಂದವರೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಹಾಗಾಗಿ ಹೇಳಬಹುದಾದಷ್ಟನ್ನು ಬರೆಯುತ್ತಿದ್ದೇನೆ.

ನಾನು ಸಾಗರದವನು. ಸ್ಟ್ಯಾಟಿಸ್ಟಿಕ್ಸ್ ಓದಲು ಇಲ್ಲಿಗೆ ಬಂದೆ. ತಂಡದಲ್ಲಿ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಸೇರಿ ವಿಡಿಯೊ ಕತ್ತರಿಸುತ್ತಿದ್ದೆ. ಊರಲ್ಲಿ ಜಿಲ್ಲಾ ಮಟ್ಟದಲ್ಲಿ ಪಾಯಿಂಟ್ ಗಾರ್ಡ್ (ಚೆಂಡು ತಂದು ಆಟ ನಡೆಸುವವನು) ಆಗಿ ಆಡಿದ್ದು ಬಿಟ್ಟರೆ ಆಟದ ಹಿನ್ನೆಲೆ ಏನೂ ಇಲ್ಲ. ಐದಡಿ ಏಳಿಂಚಿನ ಹುಡುಗ ಆರಡಿ ಒಂಬತ್ತಿಂಚಿನವರ ಬಗ್ಗೆ ತೀರ್ಪು ಕೊಟ್ಟರೆ ಕೋಚ್‌ಗಳು ಕೇಳುತ್ತಾರಾ? ಮೊದಲ ಎರಡು ವರ್ಷ ಕೇಳಲಿಲ್ಲ.

2023ರ ಬೇಸಿಗೆಯಲ್ಲಿ ನಮ್ಮವರು ಮೂವರು ಸ್ಕೋರರ್‌ಗಳನ್ನು ತಂದರು. ಹಳೆಯ ಕಾಲೇಜುಗಳಲ್ಲಿ ಒಬ್ಬ 17, ಇನ್ನೊಬ್ಬ 16, ಮತ್ತೊಬ್ಬ 15 ಪಾಯಿಂಟ್ ಸರಾಸರಿ. ಕಾಗದದ ಮೇಲೆ 48. ಆಡಿದಾಗ ಮೂವರೂ ಸೇರಿ 28 ದಾಟಲಿಲ್ಲ. ಅವರ ಯೂಸೇಜ್, ಅಂದರೆ ಅವರು ಅಂಕಣದಲ್ಲಿದ್ದಾಗ ತಂಡದ ಸರದಿಗಳಲ್ಲಿ ಶೇಕಡಾ ಎಷ್ಟು ಅವರ ಕೈಯಲ್ಲೇ ಮುಗಿಯುತ್ತಿತ್ತು ಎಂಬುದನ್ನು ನೋಡಿ: ಸುಮಾರು 28, 27, 25. ಕೂಡಿಸಿದರೆ 80. ಅಂಕಣದಲ್ಲಿರುವ ಐವರದ್ದು ಸೇರಿ 100 ಆಗಬೇಕಲ್ವಾ? ಉಳಿದಿಬ್ಬರಿಗೆ ತಲಾ ಹತ್ತು! ಐದು ಜನ ಭಾಗವತರನ್ನು ಕೂರಿಸಿ ಚೆಂಡೆಗೆ ಒಬ್ಬರನ್ನೂ ಕರೆಯದ ಮೇಳ ಅದು. ಒಬ್ಬ ಡ್ರಿಬಲ್ ಮಾಡುವಾಗ ಉಳಿದಿಬ್ಬರು ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದರು. 30 ಸೆಕೆಂಡಿನ ಶಾಟ್ ಕ್ಲಾಕ್‌ನಲ್ಲಿ ಕೊನೆಯ ಐದು ಸೆಕೆಂಡಿಗೆ ಬಂದು ಹೊಡೆದ ಶಾಟ್‌ಗಳ ಲೆಕ್ಕ ನೋಡಿದರೆ ನಗು ಬರುತ್ತಿತ್ತು.

ದುಡ್ಡಿನ ವಿಷಯ. ಆಟಗಾರರ ಹೆಸರು, ಚಿತ್ರ ಬಳಸುವುದಕ್ಕೆ ಎಂದು ಊರಿನ ದಾನಿಗಳು ಹಾಕುವ ಎನ್‌ಐಎಲ್ ಹಣ ಎಲ್ಲಾ ಸೇರಿ ಆಗ ಎರಡೂಮುಕ್ಕಾಲು ಲಕ್ಷ ಡಾಲರ್ ಹತ್ತಿರ ಇತ್ತು. ಆ 17 ಪಾಯಿಂಟ್ ಹುಡುಗನೊಬ್ಬನಿಗೇ ಒಂದು ಲಕ್ಷದ ಮೇಲೆ ಹೋಯಿತು. ಏಪ್ರಿಲ್‌ನಲ್ಲಿ ಅವನು ಮತ್ತೆ ಪೋರ್ಟಲ್‌ಗೆ ಹೆಸರು ಹಾಕಿ ಹೋದ. ತಪ್ಪು ಅವನದಲ್ಲ ಬಿಡಿ. ಅವನು ಮಾಡುವ ಕೆಲಸ ನಮ್ಮಲ್ಲಿ ಆಗಲೇ ಇಬ್ಬರು ಮಾಡುತ್ತಿದ್ದರು.

ಮರುವರ್ಷ ಲೋಲಕ ಆ ಕಡೆ ಹೋಯಿತು. ಈಗ ಎತ್ತರ ಬೇಕು ಅಂದರು. ಏಳಡಿಯ ಸೆಂಟರ್ ಒಬ್ಬ ಬಂದ, ಸುಮಾರು 70 ಸಾವಿರಕ್ಕೆ. ಬ್ಲಾಕ್ ಚೆನ್ನಾಗಿ ಮಾಡುತ್ತಿದ್ದ. ಆದರೆ ಹಳೆಯ ತಂಡದಲ್ಲಿ ಅವನು ರಿಂಗ್ ಕೆಳಗೇ ನಿಂತು ಕಾಯುತ್ತಿದ್ದ. ಎದುರಾಳಿ ಪಿಕ್ ಆಂಡ್ ರೋಲ್ ಆಡಿದಾಗ, ಅಂದರೆ ಒಬ್ಬ ನಮ್ಮ ಡಿಫೆಂಡರ್‌ಗೆ ಅಡ್ಡ ನಿಂತು (ಇದೇ ಸ್ಕ್ರೀನ್) ಆಮೇಲೆ ರಿಂಗ್ ಕಡೆ ತಿರುಗಿ ಓಡಿದಾಗ (ಇದು ರೋಲ್), ನಮ್ಮ ಕೋಚ್‌ಗೆ ಸೆಂಟರ್ ರಿಂಗ್ ಬಿಟ್ಟು ಮುಂದೆ ಬಂದು ಗಾರ್ಡ್‌ನನ್ನು ತಡೆಯಬೇಕು. ಡಿಸೆಂಬರ್ ಹೊತ್ತಿಗೆ ಎದುರಾಳಿಗಳೆಲ್ಲ ಅವನನ್ನೇ ಹುಡುಕಿ ಸ್ಕ್ರೀನ್ ಇಡತೊಡಗಿದರು. ಜನವರಿಯಲ್ಲಿ ಬೆಂಚ್. ಹನ್ನೊಂದೋ ಹನ್ನೆರಡೋ ಗೆಲುವಿನಲ್ಲಿ ಆ ವರ್ಷ ಮುಗಿಯಿತು.

ಆಮೇಲೆ ಬಂತು 2025ರ ಮಾರ್ಚ್. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಮಿಷಿಗನ್. 8 ಗೆಲುವು 24 ಸೋಲಿನಿಂದ ಒಂದೇ ವರ್ಷದಲ್ಲಿ 27 ಗೆಲುವು 10 ಸೋಲಿಗೆ ಬಂದಿದ್ದರು, ಅದೂ ಯೇಲ್‌ನಿಂದ ಡ್ಯಾನಿ ವುಲ್ಫ್, ಫ್ಲೋರಿಡಾ ಅಟ್ಲಾಂಟಿಕ್‌ನಿಂದ ವ್ಲಾಡ್ ಗೋಲ್ಡಿನ್ ಎಂಬ ಇಬ್ಬರು ಏಳಡಿಯವರನ್ನು ಒಟ್ಟಿಗೆ ಆಡಿಸಿ. ನೋಡಿ, ಎತ್ತರವೇ ಬೇಕು ಎಂದರು ನಮ್ಮ ಅಸಿಸ್ಟೆಂಟ್ ಕೋಚ್. ನಾನು ಹೇಳಿದ್ದು ಇಷ್ಟು: ವುಲ್ಫ್ ಏಳಡಿ ಇದ್ದರೂ ಮಾಡುತ್ತಿದ್ದುದು ಗಾರ್ಡ್ ಕೆಲಸ. ಚೆಂಡು ತರುವವನು ಅವನು, ಸ್ಕ್ರೀನ್ ಇಟ್ಟು ರೋಲ್ ಆಗುವವನು ಗೋಲ್ಡಿನ್. ಗೋಲ್ಡಿನ್‌ಗೆ ಕೋಚ್ ಡಸ್ಟಿ ಮೇ ಅವರ ಪದ್ಧತಿ ಮೊದಲೇ ಗೊತ್ತಿತ್ತು. ಎರಡು ಬೇರೆ ಬೇರೆ ಕೆಲಸ, ಇಬ್ಬರು ಬೇರೆ ಬೇರೆ ಆಳು. ಎತ್ತರ ಕಣ್ಣಿಗೆ ಕಂಡದ್ದು, ಅಷ್ಟೇ.

ಆ ವರ್ಷ ಚಾಂಪಿಯನ್ ಆದ ಫ್ಲೋರಿಡಾ ಸ್ಟಾರ್‌ಗಳನ್ನು ತಂದೇ ಗೆದ್ದಿತಲ್ವಾ ಎಂದು ಕೇಳಬಹುದು. ವಾಲ್ಟರ್ ಕ್ಲೇಟನ್ ಅಯೋನಾದಿಂದ, ಅಲೈಜಾ ಮಾರ್ಟಿನ್ ಫ್ಲೋರಿಡಾ ಅಟ್ಲಾಂಟಿಕ್‌ನಿಂದ, ವಿಲ್ ರಿಚರ್ಡ್ ಬೆಲ್ಮಾಂಟ್‌ನಿಂದ. ಮೂವರೂ ಗಾರ್ಡ್‌ಗಳು, ಮೂವರೂ ಸಣ್ಣ ಕಾಲೇಜಿನವರು. ಆದರೆ ಕಷ್ಟದ ಹೊತ್ತಿನಲ್ಲಿ ಚೆಂಡು ಕ್ಲೇಟನ್ ಕೈಯಲ್ಲಿ ಇರುತ್ತಿತ್ತು. ಉಳಿದಿಬ್ಬರು ಅದಕ್ಕೆ ಒಪ್ಪಿಕೊಂಡು ಆಡಿದರು.

ಇನ್ನು ನಾನು ಮಾಡಿದ್ದು. ಸಿನರ್ಜಿ ಎಂಬ ವಿಡಿಯೊ-ಅಂಕಿಅಂಶ ಸೇವೆಯಲ್ಲಿ ಪ್ರತಿ ಪೊಸೆಷನ್ (ಚೆಂಡು ತಂಡದ ಕೈಯಲ್ಲಿರುವ ಒಂದು ಸರದಿ) ಯಾವ ಬಗೆಯ ಆಟದಲ್ಲಿ ಮುಗಿಯಿತು ಎಂಬ ಲೆಕ್ಕ ಸಿಗುತ್ತದಲ್ಲ, ಅದನ್ನು ಎಲ್ಲರೂ ಬರುವವನ ಮೇಲೆ ಹಾಕಿ ನೋಡುತ್ತಾರೆ. ನಾನು ಮೊದಲು ಹೋದವರ ಮೇಲೆ ಹಾಕಿದೆ. ಯಾರು ಬಿಟ್ಟು ಹೋದರು, ಅವರ ಜೊತೆ ಪಂದ್ಯಕ್ಕೆ ಎಷ್ಟು ಸ್ಪಾಟ್ ಅಪ್ (ನಿಂತಲ್ಲೇ ಪಾಸ್ ಹಿಡಿದು ಹೊಡೆಯುವುದು), ಎಷ್ಟು ಕಟ್ (ರಿಂಗ್ ಕಡೆ ಓಡಿ ಪಾಸ್ ಪಡೆಯುವುದು), ಎಷ್ಟು ರೋಲ್, ಎಷ್ಟು ಪುಟ್‌ಬ್ಯಾಕ್ (ತಪ್ಪಿದ ಶಾಟ್ ಹಿಡಿದು ಮತ್ತೆ ಹಾಕುವುದು) ಹೋಯಿತು? ಪಂದ್ಯಕ್ಕೆ 68ರಷ್ಟು ಪೊಸೆಷನ್ ಅಂದುಕೊಳ್ಳಿ. ಅದರಲ್ಲಿ ಉಳಿದ ಹುಡುಗರು ಏನನ್ನು ಚೆನ್ನಾಗಿ ಮಾಡುತ್ತಾರೆ ಎಂದು ಕಳೆದೆ. ಉತ್ತರ ನೋಡಿ ಕೋಚ್ ಮುಖ ಗಂಟಾಯಿತು. ನಮಗೆ ಸ್ಕೋರರ್ ಬೇಕೇ ಇರಲಿಲ್ಲ. ಉಳಿದಿದ್ದ ಇಬ್ಬರು ಗಾರ್ಡ್‌ಗಳೇ 50 ಯೂಸೇಜ್ ತಿನ್ನುವವರು. ಉಳಿದ ಮೂರು ಜಾಗಕ್ಕೆ 17, 17, 16. ಬೇಕಾದದ್ದು ಚೆಂಡು ಹಿಡಿದ ತಕ್ಷಣ ಹೊಡೆಯುವ ಒಬ್ಬ, ಸ್ಕ್ರೀನ್ ಇಟ್ಟು ಓಡುವ ಒಬ್ಬ, ಡಿಫೆನ್ಸ್ ಮಾಡಿ ರಿಬೌಂಡ್ ಹಿಡಿಯುವ ಒಬ್ಬ.

ಇಲ್ಲೇ ದುಡ್ಡು ಉಳಿಯುವುದು. ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವುದು ಪಾಯಿಂಟ್ ಸರಾಸರಿ ನೋಡಿ. 18 ಯೂಸೇಜ್‌ನವನಿಗೆ ಏಜೆಂಟ್‌ಗಳು ಜಾಸ್ತಿ ಹಾರಾಡುವುದಿಲ್ಲ. ಬಾರ್ಟ್ ಟಾರ್ವಿಕ್ ಎಂಬ ಅಂಕಿಅಂಶದ ಸೈಟಿನಲ್ಲಿ ಯೂಸೇಜ್ 19ರ ಕೆಳಗೆ ಎಂದು ಹಾಕಿ, ಒಳ್ಳೆಯ ಎದುರಾಳಿಗಳ ಮೇಲಿನ ಪಂದ್ಯಗಳನ್ನು ಮಾತ್ರ ಇಟ್ಟುಕೊಂಡೆ. 2025ರಲ್ಲಿ ಪೋರ್ಟಲ್‌ಗೆ ಹೆಸರು ಹಾಕುವ ಅವಧಿ ಮಾರ್ಚ್ 24ರಿಂದ 30 ದಿನ. ಪೋರ್ಟಲ್‌ಗೆ ಬಿದ್ದವರು 2,000ಕ್ಕೂ ಜಾಸ್ತಿ. ನನ್ನ ಜರಡಿಯಲ್ಲಿ ಉಳಿದವರು ನಲವತ್ತರ ಹತ್ತಿರ.

ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಒಂದು ವರ್ಷದ ತ್ರೀ ಪಾಯಿಂಟ್ ಶೇಕಡಾ ನೋಡಿ ಶೂಟರ್ ತರಬೇಡಿ. ನಿಜವಾಗಿ 35% ಶೂಟರ್ ಆದವನು 60 ಶಾಟ್‌ನಲ್ಲಿ 29% ತೋರಿಸಿದರೂ 41% ತೋರಿಸಿದರೂ ಆಶ್ಚರ್ಯವಿಲ್ಲ. ನಮ್ಮ ಅಸಿಸ್ಟೆಂಟ್ ಕೋಚ್ ಮೆಚ್ಚಿದ್ದ ಹುಡುಗ ಹಾಗೇ ಇದ್ದ: 60 ಚಿಲ್ಲರೆ ಶಾಟ್‌ಗೆ 41%, ಆದರೆ ಫ್ರೀ ಥ್ರೋ 63%. ಅಡ್ಡಿ ಇಲ್ಲದೆ ಹೊಡೆಯುವ ಫ್ರೀ ಥ್ರೋನಲ್ಲಿ ಕೈಯ ನಿಜವಾದ ಗುರಿ ಕಾಣುತ್ತದೆ, ಹಾಗಾಗಿ ನಾನು ಬೇಡ ಅಂದೆ. ಬದಲಿಗೆ ತೋರಿಸಿದ ಹುಡುಗ ಮೂರು ವರ್ಷದಲ್ಲಿ 300 ಶಾಟ್ ಹೊಡೆದು 33% ಮಾತ್ರ. ಫ್ರೀ ಥ್ರೋ 84%. ವಿಡಿಯೊ ನೋಡಿದರೆ ಅವನ ಶಾಟ್‌ಗಳಲ್ಲಿ ಅರ್ಧದಷ್ಟು ಡ್ರಿಬಲ್ ಮಾಡಿಕೊಂಡು, ಕ್ಲಾಕ್ ಮುಗಿಯುವಾಗ ಹೊಡೆದದ್ದು. ಅವನ ತಂಡದಲ್ಲಿ ಚೆಂಡು ಹಂಚುವವರೇ ಇರಲಿಲ್ಲ.

"33 ಪರ್ಸೆಂಟ್‌ನವನನ್ನು ಶೂಟರ್ ಅಂತ ದಾನಿಗಳಿಗೆ ಹೇಗೆ ಹೇಳಲಿ?" ಎಂದರು ಅಸಿಸ್ಟೆಂಟ್ ಕೋಚ್.

"ಹೇಳಬೇಡಿ ಕೋಚ್, ನವೆಂಬರ್‌ವರೆಗೆ ಸುಮ್ನಿರಿ" ಎಂದೆ.

ಸುಮಾರು 35 ಸಾವಿರಕ್ಕೆ ಬಂದ. ನಮ್ಮಲ್ಲಿ 39% ಹೊಡೆದ. ಅವನು ಮೂಲೆಯಲ್ಲಿ ನಿಂತರೆ ಡಿಫೆಂಡರ್ ಬಿಟ್ಟು ಬರುವಂತಿರಲಿಲ್ಲ. ಅದರಿಂದ ನಮ್ಮ ಗಾರ್ಡ್‌ಗಳಿಗೆ ಒಳಗೆ ನುಗ್ಗಲು ದಾರಿ ಆಯಿತು.

ಸ್ಕ್ರೀನ್ ಇಡುವವನು ದೊಡ್ಡ ಕಾನ್ಫರೆನ್ಸ್‌ನಲ್ಲಿ (ಕಾಲೇಜುಗಳ ಗುಂಪಿಗೆ ಕಾನ್ಫರೆನ್ಸ್ ಎನ್ನುತ್ತಾರೆ) ಬೆಂಚ್ ಕಾಯುತ್ತಿದ್ದವನು. ಪಂದ್ಯಕ್ಕೆ ಎಂಟು ನಿಮಿಷ, ಎರಡು ಪಾಯಿಂಟ್. ಸಣ್ಣ ಕಾಲೇಜಿನ ರಾಜನನ್ನು ಮಂತ್ರಿ ಮಾಡುವುದಕ್ಕಿಂತ ದೊಡ್ಡ ಕಾಲೇಜಿನ ಸಿಪಾಯಿಗೆ ಆಟದ ಸಮಯ ಕೊಡುವುದು ನಮ್ಮಂಥವರಿಗೆ ಅಗ್ಗ, ಸುಲಭ. ಇದಕ್ಕೆ ಅಪವಾದ ಇಲ್ಲ ಅನ್ನುತ್ತಿಲ್ಲ. ಡಾಲ್ಟನ್ ನೆಕ್ಟ್ ನಾರ್ದರ್ನ್ ಕೊಲೊರಾಡೊದಲ್ಲಿ 20ರ ಸರಾಸರಿ ಇದ್ದವನು ಟೆನೆಸಿಗೆ ಹೋಗಿ 21 ದಾಟಿದ. ಆದರೆ ಅಂಥವನನ್ನು ಹಿಡಿಯುವ ದುಡ್ಡು ಟೆನೆಸಿ ಹತ್ತಿರ ಇರುತ್ತದೆ, ನಮ್ಮ ಹತ್ತಿರ ಅಲ್ಲ.

ಮೂರನೆಯವನು ಯುರೋಪಿನವನು, ಇಲ್ಲೇ ಇನ್ನೊಂದು ಕಾಲೇಜಿನಲ್ಲಿ ಓದುತ್ತಿದ್ದ. ಎಫ್-1 ಎಂಬ ವಿದ್ಯಾರ್ಥಿ ವೀಸಾ. ನಾನೂ ಅದೇ ವೀಸಾದಲ್ಲಿ ಬಂದವನು, ಅದರ ಕಷ್ಟ ಗೊತ್ತು. ವಿಶೇಷ ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗೆ ದುಡಿಯುವಂತಿಲ್ಲ, ಹಾಗಾಗಿ ಎನ್‌ಐಎಲ್ ಒಪ್ಪಂದ ಅಂದರೆ ವಕೀಲರಿಗೆ ತಲೆನೋವು. ಶ್ರೀಮಂತ ಕಾಲೇಜುಗಳು ಏನೋ ದಾರಿ ಹುಡುಕುತ್ತವೆ. ನಡುವಿನ ಕಾಲೇಜುಗಳು ಇಂಥವರ ಫೈಲ್ ಪಕ್ಕಕ್ಕಿಡುತ್ತವೆ. ಅಲ್ಲಿ ನಮಗೆ ಜಾಗ ಸಿಕ್ಕಿತು. ಅವನಿಗೆ ಬೇಕಾದದ್ದು ಸ್ಕಾಲರ್‌ಶಿಪ್, ಒಳ್ಳೆಯ ಎಂಜಿನಿಯರಿಂಗ್ ವಿಭಾಗ, 25 ನಿಮಿಷ ಆಟ. ಮೂರೂ ಇತ್ತು. ಮೊದಲ ಮಾತುಕತೆಯ ಅರ್ಧ ಭಾಗ ನಾವಿಬ್ಬರೂ ವೀಸಾ ಕಾಗದಗಳ ಬಗ್ಗೆಯೇ ಮಾತಾಡಿದೆವು. ಕೋಚ್ ಪಾಪ ಪಕ್ಕದಲ್ಲಿ ಕೂತು ಕೇಳುತ್ತಿದ್ದರು.

ಏಜೆಂಟ್‌ಗಳ ಬಗ್ಗೆ ಒಂದು ಮಾತು. ಒಬ್ಬ ಫೋನ್ ಮಾಡಿ, ಬೇರೆ ಕಡೆ 90 ಸಾವಿರ ಕೊಡುತ್ತಾರೆ, ನೀವು 80 ಕೊಟ್ಟರೂ ಸಾಕು ಎಂದ. ನಾವು ನಲವತ್ತು ಅಂದೆವು. ಎರಡು ದಿನ ಸದ್ದಿಲ್ಲ. ಆಮೇಲೆ ನಲವತ್ತಕ್ಕೇ ಬಂದ. 90ರವರು ಇದ್ದರೋ ಇಲ್ಲವೋ ದೇವರಿಗೇ ಗೊತ್ತು. ಬೆಲೆ ನಿಜವೋ ಸುಳ್ಳೋ ತಿಳಿಯಲು ನಾನು ಒಂದು ಸಣ್ಣ ಗುರುತು ನೋಡುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಪೋರ್ಟಲ್‌ಗೆ ಹೆಸರು ಬೀಳುವ ಮೊದಲೇ ಮಾತು ಮುಗಿಸಿಕೊಳ್ಳುವವರಿದ್ದಾರೆ ಎಂಬುದು ಗುಟ್ಟೇನಲ್ಲ. ನಾವು ಆ ದಾರಿ ಹಿಡಿಯಲಿಲ್ಲ. ನೀತಿಯೂ ಹೌದು, ಜೇಬೂ ಹೌದು.

ನಡುವೆ ಬೇರೆ ಕೆಲವು ಪ್ರಯೋಗ ಮಾಡಿದೆ. ಚೆಂಡು ಕೈಗೆ ಬಂದಾಗಿನಿಂದ ಬಿಡುವವರೆಗೆ ಎಷ್ಟು ಫ್ರೇಮ್ ಎಂದು ಎಣಿಸಿದೆ. ಕಣ್ಣು ಉರಿದದ್ದು ಬಿಟ್ಟರೆ ಲಾಭ ಕಡಿಮೆ. ನಾಲ್ಕೈದು ಫ್ರೇಮ್ ತಡ ಇದ್ದ ಒಬ್ಬ ಶೂಟರ್‌ನನ್ನು ಬಿಟ್ಟೆವು, ಅಷ್ಟೇ. ಬೆಂಚ್ ಮೇಲೆ ಯಾರು ಎದ್ದು ಚಪ್ಪಾಳೆ ಹೊಡೆಯುತ್ತಾರೆ ಎಂದು ಗುರುತು ಹಾಕಲು ಹೋದೆ. ಟಿವಿ ಕ್ಯಾಮೆರಾ ಬೆಂಚ್ ತೋರಿಸುವುದೇ ಅಪರೂಪ, ಕೈಬಿಟ್ಟೆ. ಊರಿನಿಂದ ಕಾಲೇಜಿಗೆ ಎಷ್ಟು ದೂರ ಎಂದು ನೋಡಿದ್ದು ಮಾತ್ರ ಉಪಯೋಗಕ್ಕೆ ಬಂತು. ನಾಲ್ಕು ಗಂಟೆ ಡ್ರೈವ್ ಒಳಗೆ ಮನೆ ಇರುವ ಹುಡುಗರು ನಮ್ಮಲ್ಲಿ ಎರಡನೇ ವರ್ಷ ಉಳಿದದ್ದು ಜಾಸ್ತಿ. ನಮ್ಮ ಲೆಕ್ಕ ಚಿಕ್ಕದು, ಬೇರೆಯವರು ತಮ್ಮ ಕಾಲೇಜಿಗೆ ನೋಡಿಕೊಳ್ಳಲಿ.

ವಿಡಿಯೊದಲ್ಲಿ ನಾನು ನೋಡುವ ಇನ್ನೊಂದು ಇದೆ. ಹುಡುಗನಿಗೆ ಸತತ ನಾಲ್ಕೈದು ಪೊಸೆಷನ್ ಚೆಂಡೇ ಸಿಗದಿದ್ದಾಗ ಅವನು ಏನು ಮಾಡುತ್ತಾನೆ ಎಂಬುದು. ಓಡುವುದು ನಿಲ್ಲಿಸಿದರೆ ನಮಗೆ ಬೇಡ. ಅದರಲ್ಲೂ ನಾನು ಯಾವ ಕ್ಷಣ ನೋಡುತ್ತೇನೆ ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆಂದರೆ, ಈಗ ಕಲಿಸಲು ಸಮಯವಿಲ್ಲ. 2021ಕ್ಕೆ ಮೊದಲು ಕಾಲೇಜ್ ಬದಲಿಸಿದವನು ಸಾಮಾನ್ಯವಾಗಿ ಒಂದು ವರ್ಷ ಕೂರಬೇಕಿತ್ತು. ಆ ವರ್ಷ ಪ್ರಾಕ್ಟೀಸ್‌ನಲ್ಲಿ ನಿಮ್ಮ ಪದ್ಧತಿ ಕಲಿಯುತ್ತಿದ್ದ. 2024ರಿಂದ ಓದು ಸರಿಯಾಗಿದ್ದರೆ ಎಷ್ಟು ಸಲ ಬದಲಿಸಿದರೂ ತಕ್ಷಣ ಆಡಬಹುದು. ಜೂನ್‌ನಲ್ಲಿ ಬಂದವನು ನವೆಂಬರ್‌ನಲ್ಲಿ ಗೆಲ್ಲಿಸಬೇಕು, ಏಪ್ರಿಲ್‌ನಲ್ಲಿ ಇರುತ್ತಾನೋ ಇಲ್ಲವೋ.

ನವೆಂಬರ್‌ನಲ್ಲಿ ಮೊದಲ ಐದು ಪಂದ್ಯದಲ್ಲಿ ಮೂರು ಸೋತಾಗ ಆಫೀಸಿನಲ್ಲಿ ನನ್ನನ್ನು ನೋಡುವ ರೀತಿಯೇ ಬೇರೆ ಇತ್ತು. ಡಿಸೆಂಬರ್ ಕೊನೆಗೆ ಟರ್ನೋವರ್ ಪಂದ್ಯಕ್ಕೆ ಎರಡು ಮೂರು ಇಳಿಯಿತು, ಅಸಿಸ್ಟ್ ಏರಿತು. ಜನವರಿಯಲ್ಲಿ ಸತತ ಆರೇಳು ಗೆದ್ದೆವು. ಕಾನ್ಫರೆನ್ಸ್ ಟೂರ್ನಮೆಂಟ್ ಸೆಮಿಫೈನಲ್‌ನಲ್ಲಿ ಸೋತೆವು, ರಾಷ್ಟ್ರ ಮಟ್ಟದ ಟೂರ್ನಮೆಂಟ್ ಆದ ಮಾರ್ಚ್ ಮ್ಯಾಡ್‌ನೆಸ್‌ಗೆ ಹೋಗಲಿಲ್ಲ. ಅದು ಬೇಜಾರೇ. ಮೂವರ ಮೇಲೂ ಸೇರಿ ಹಾಕಿದ್ದು ಒಂದು ಲಕ್ಷ ಡಾಲರ್ ಒಳಗೆ. ಹಿಂದೆ ಒಬ್ಬನ ಮೇಲೇ ಅಷ್ಟು ಹೋಗಿತ್ತು.

ಈಗಿನ ತಲೆನೋವು ಸ್ಕ್ರೀನ್ ಇಡುವವನದು. ಅವನಿಗೆ ನಾವು ಕೊಟ್ಟದ್ದರ ಮೂರು ಪಟ್ಟು ಕೊಡಲು ಜನ ಬಂದಿದ್ದಾರೆ, ಹೋಗುತ್ತಾನೆ. ಅವನ ಜಾಗ ತುಂಬಲು ನನ್ನ ಪದ್ಧತಿ ಪೂರ್ತಿ ಸಾಲುತ್ತಿಲ್ಲ. ಸ್ಕ್ರೀನ್ ಇಟ್ಟರೆ ಪೊಸೆಷನ್ ಖರ್ಚಾಗುವುದಿಲ್ಲ, ಹಾಗಾಗಿ ಖಾಲಿ ಕೆಲಸದ ಪಟ್ಟಿಯಲ್ಲಿ ಅವನು ಮಾಡಿದ್ದರ ಕಾಲು ಭಾಗವೂ ಕಾಣುತ್ತಿಲ್ಲ. ಇಬ್ಬರು ಸ್ಟೂಡೆಂಟ್ ಮ್ಯಾನೇಜರ್ ಹುಡುಗರನ್ನು ಕೂರಿಸಿ ಇಡೀ ಸೀಸನ್ನಿನ ಸ್ಕ್ರೀನ್‌ಗಳನ್ನು ಕೈಯಲ್ಲೇ ಎಣಿಸುತ್ತಿದ್ದೇವೆ: ಯಾವ ಕೋನದಲ್ಲಿ ಇಟ್ಟ, ಡಿಫೆಂಡರ್‌ಗೆ ತಗಲಿತೋ ಇಲ್ಲವೋ, ಆಮೇಲೆ ಗಾರ್ಡ್‌ಗೆ ಏನು ಸಿಕ್ಕಿತು. ಜನವರಿವರೆಗಿನದು ಮುಗಿದಿದೆ. ಇದನ್ನು ಇನ್ನೂ ಸುಲಭವಾಗಿ ಎಣಿಸುವ ದಾರಿ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಬೆಲೆಯ ಗುರುತಿನ ಗುಟ್ಟನ್ನು ಬದಲಿಗೆ ಕೊಡುತ್ತೇನೆ.