ಸುಲ್ಮೋನಾದಿಂದ ಕಸೋಲಿಗೆ: ಯುದ್ಧಕೈದಿಗಳು ಪಾರಾದ ದಾರಿಯಲ್ಲಿ ನಡೆಯುವವರಿಗೆ

ಇಟಲಿಯ ಅಬ್ರುಝೋ ಪ್ರಾಂತ್ಯದಲ್ಲಿ, ಸುಲ್ಮೋನಾದಿಂದ ಹೊರಟು ಮಯೆಲ್ಲಾ ಪರ್ವತಸಾಲನ್ನು ದಾಟಿ ಕಸೋಲಿ ಮುಟ್ಟುವ ಸುಮಾರು 60 ಕಿಲೋಮೀಟರ್ ಕಾಲುದಾರಿಯನ್ನು ‘ಸ್ವಾತಂತ್ರ್ಯದ ಹಾದಿ’ ಎಂದು ಕರೆಯುತ್ತಾರೆ. 1943ರ ಸೆಪ್ಟೆಂಬರ್ 8ರಂದು ಇಟಲಿಯ ಕದನವಿರಾಮ ಪ್ರಕಟವಾಗುತ್ತಲೇ, ಇಟಲಿ ಸೆರೆಯಿಟ್ಟಿದ್ದ ಮಿತ್ರಸೇನೆಯ ಸಾವಿರಾರು ಯುದ್ಧಕೈದಿಗಳು ಶಿಬಿರಗಳಿಂದ ಹೊರಬಿದ್ದರು. ಜರ್ಮನ್ ಸೇನೆ ಬೆನ್ನುಹತ್ತಿದ್ದ ಆ ಚಳಿಗಾಲದಲ್ಲಿ ಅವರಲ್ಲಿ ಅನೇಕರು ಊರವರ ಬೆಂಬಲದಿಂದ ಇದೇ ಬೆಟ್ಟವನ್ನು ದಾಟಿ ಮಿತ್ರಸೇನೆಯನ್ನು ಸೇರಿಕೊಂಡರು.

ರೋಮಿನಿಂದ ಸುಲ್ಮೋನಾಕ್ಕೆ ರೈಲಿದೆ. ದಾರಿಯಲ್ಲಿ ಸಿಗುವ ಅವೆಝಾನೋದ ಶಿಬಿರದಲ್ಲಿ ಭಾರತೀಯ ಸೈನಿಕರನ್ನೂ ಸೆರೆಯಿಟ್ಟಿದ್ದರೆಂಬುದು ನಮ್ಮವರಿಗೆ ತಿಳಿದಿರಬೇಕು. ಹಳೆಯ ಅಂಗಿ ತೊಟ್ಟು ರೈತರ ನಡುವೆ ಮರೆಯಾಗುವುದು ಮೈಬಣ್ಣದ ಕಾರಣದಿಂದ ಅವರಿಗೆ ಉಳಿದವರಿಗಿಂತ ಕಷ್ಟವಾಗಿತ್ತು.

ಸುಲ್ಮೋನಾದಲ್ಲಿ ಇಳಿದೊಡನೆ ಬೆಟ್ಟದತ್ತ ಧಾವಿಸಬೇಡಿ. ಮೊದಲ ದಿನವನ್ನು ಮೊರ್ರೋನೆ ಬೆಟ್ಟದ ಬುಡದ ಫೊಂತೆ ದಾಮೋರೆಯಲ್ಲಿರುವ 78ನೆಯ ಸಂಖ್ಯೆಯ ಶಿಬಿರಕ್ಕೆ ಮೀಸಲಿಡಿ. ಮೊದಲ ಮಹಾಯುದ್ಧದಲ್ಲೂ ಕೈದಿಗಳನ್ನು ಕೂಡಿಹಾಕಿದ್ದ ಈ ಜಾಗದ ಬ್ಯಾರಕ್ಕುಗಳ ಹಿಂದೆಯೇ ಕಡಿದಾದ ಬೆಟ್ಟ ಎದ್ದುನಿಂತಿದೆ. ಅದನ್ನು ನೋಡಿದ ಮೇಲೆ, ಭಾಷೆಯಾಗಲಿ ದಾರಿಯಾಗಲಿ ಗೊತ್ತಿಲ್ಲದ ಕೈದಿಯೊಬ್ಬ ಸ್ಥಳೀಯರಿಲ್ಲದೆ ಪಾರಾಗುವುದು ಎಷ್ಟು ದುಸ್ತರವಾಗಿತ್ತೆಂಬುದು ಮನವರಿಕೆಯಾಗುತ್ತದೆ. ಆಶ್ರಯ ಕೊಟ್ಟವರಿಗೆ ಮರಣದಂಡನೆಯೆಂದು ಜರ್ಮನ್ನರು ಸಾರಿದ್ದರು, ಹಿಡಿದುಕೊಟ್ಟವರಿಗೆ ಬಹುಮಾನವನ್ನೂ ಘೋಷಿಸಿದ್ದರು. ಅನ್ವೆರ್ಸಾದ ಕುರಿಗಾಹಿ ಮಿಕೇಲೆ ದೆಲ್ ಗ್ರೇಕೋ ಅವರನ್ನು ಕೈದಿಗಳಿಗೆ ನೆರವಾದ ಕಾರಣಕ್ಕಾಗಿಯೇ 1943ರ ಡಿಸೆಂಬರಿನಲ್ಲಿ ಗುಂಡಿಕ್ಕಿ ಕೊಂದರು. ಈ ಹಾದಿಯಲ್ಲಿ ನಡೆಯುವವರು ಸೈನಿಕರ ಹೆಸರಿಗಿಂತ ಮೊದಲು ಇಂಥ ಹೆಸರುಗಳನ್ನು ನೆನಪಿಟ್ಟುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನಡಿಗೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಲ ಸೂಕ್ತ. ವಸಂತದಲ್ಲಿ ಇಲ್ಲಿ ಸಾಮೂಹಿಕ ನಡಿಗೆಯೂ ಏರ್ಪಡುತ್ತದೆ. ಒಂಟಿಯಾಗಿ ಹೋಗಲು ಅಳುಕುವವರು ಅದರ ದಿನಾಂಕವನ್ನು ಮೊದಲೇ ವಿಚಾರಿಸಿಕೊಳ್ಳಬಹುದು. ದಾರಿಯನ್ನು ಮೂರು ದಿನಗಳಿಗೆ ಹಂಚಿಕೊಂಡು, ಕಾಂಪೋ ದಿ ಜೋವೆ ಮತ್ತು ತರಾಂತಾ ಪೆಲಿನ್ಯಾ ಊರುಗಳಲ್ಲಿ ರಾತ್ರಿ ತಂಗಿರಿ. ಕಾಂಪೋ ದಿ ಜೋವೆಯಿಂದ 1,674 ಮೀಟರ್ ಎತ್ತರದ ಗ್ವಾದೋ ದಿ ಕೊಚ್ಚಾ ಕಣಿವೆದಾರಿಗೆ ಏರುವಾಗ ನೀರು, ಬೆಚ್ಚನೆಯ ಉಡುಪು, ಹಿಡಿತವಿರುವ ಬೂಟು ಜೊತೆಯಲ್ಲಿರಲೇಬೇಕು, ಏಕೆಂದರೆ ಬೇಸಿಗೆಯಲ್ಲೂ ಮೇಲೆ ಹವೆ ದಿಢೀರನೆ ಕೆಡುತ್ತದೆ. ಮುಂದೆ ಇಟಲಿಯ ರಾಷ್ಟ್ರಪತಿಯಾದ ಕಾರ್ಲೋ ಅಜೇಲ್ಯೋ ಚಾಂಪಿ 1944ರ ಮಾರ್ಚ್‌ನಲ್ಲಿ ಈ ಬೆಟ್ಟವನ್ನು ದಾಟಿದ್ದು ಹಿಮದಲ್ಲಿ.

ಅಲ್ಲಿಂದ ಪಲೇನಾದ ಮೂಲಕ ಇಳಿಜಾರು. ತರಾಂತಾದಲ್ಲಿ, ಜರ್ಮನ್ನರ ವಿರುದ್ಧ ಹೋರಾಡಿದ ಸ್ಥಳೀಯ ಸ್ವಯಂಸೇವಕರ ದಳವಾದ ಮಯೆಲ್ಲಾ ಬ್ರಿಗೇಡಿನ ಸ್ಮಾರಕವನ್ನು ನೋಡಿಕೊಂಡೇ ಮುಂದುವರಿಯಿರಿ. ಎತ್ತೋರೆ ತ್ರೊಯ್ಲೋ ಆ ದಳವನ್ನು ಕಟ್ಟಿದ್ದು ಕಸೋಲಿಯಲ್ಲಿ. ಕಸೋಲಿಯಿಂದ ಮರಳುವ ಬಸ್ಸಿನ ವೇಳೆಯನ್ನು ಸುಲ್ಮೋನಾ ಬಿಡುವ ಮೊದಲೇ ಬರೆದಿಟ್ಟುಕೊಳ್ಳಿ.