ಪೆಪ್ಪರ್ಡ್ ಕೋರಿ: ಗಾಜಿನ ತೊಟ್ಟಿಯಲ್ಲಿ ಮರಿ ಮಾಡಿಸುವ ವಿಧಾನ

ಪೆಪ್ಪರ್ಡ್ ಕೋರಿಯು ದಕ್ಷಿಣ ಅಮೆರಿಕದ ಪರಾನಾ ನದಿಯ ಕೆಳಹರಿವಿನಲ್ಲಿಯೂ ಉರುಗ್ವೆಯ ತೊರೆಗಳಲ್ಲಿಯೂ ವಾಸಿಸುವ, ಎರಡೂ ಪಕ್ಕಗಳಲ್ಲಿ ಎಲುಬಿನ ಫಲಕಗಳ ಎರಡೆರಡು ಸಾಲುಗಳನ್ನು ಹೊದ್ದ ಪುಟ್ಟ ಮೀನು. ಬೀಗಲ್ ನೌಕಾಯಾನದಲ್ಲಿ ಚಾರ್ಲ್ಸ್ ಡಾರ್ವಿನ್ ಸಂಗ್ರಹಿಸಿದ ಮಾದರಿಗಳ ಆಧಾರದ ಮೇಲೆ ಲಿಯೊನಾರ್ಡ್ ಜೆನಿನ್ಸ್ 1842ರಲ್ಲಿ ಇದನ್ನು ವರ್ಣಿಸಿದರು. ಮಳೆಗಾಲ ಬಂದಿತೆಂದು ಅನ್ನಿಸಿದರೆ ಸಾಕು, ಇದು ತೊಟ್ಟಿಯಲ್ಲಿಯೂ ಮೊಟ್ಟೆಯಿಡುತ್ತದೆ.

ಮೊದಲು ತೊಟ್ಟಿಯ ತಳಕ್ಕೆ ನಯವಾದ ಮರಳನ್ನು ಹಾಸಬೇಕು. ಮೂತಿಯನ್ನು ಮರಳಿಗೆ ತೂರಿಸಿ, ಆಹಾರವನ್ನು ಹೆಕ್ಕಿ, ಉಳಿದ ಮರಳನ್ನು ಕಿವಿರುಗಳಿಂದ ಹೊರಚೆಲ್ಲುವ ಈ ಮೀನಿನ ಮೀಸೆಗಳು ಚೂಪು ಜಲ್ಲಿಗೆ ಸವೆದುಹೋಗುತ್ತವೆ. ಆಗಾಗ ಮೇಲೆ ಬಂದು ಗಾಳಿ ನುಂಗಿ ಕರುಳಿನ ಮೂಲಕ ಆಮ್ಲಜನಕವನ್ನು ಹೀರುವುದರಿಂದ, ನೀರಿಗೂ ಮುಚ್ಚಳಕ್ಕೂ ನಡುವೆ ತೆರಪಿರಬೇಕು. ಕನಿಷ್ಠ ಆರು ಮೀನುಗಳಿರಲಿ. ಮೇಲಿನಿಂದ ನೋಡಿದಾಗ ಅಗಲವಾಗಿ ಕಾಣುವ ಹೆಣ್ಣೊಂದಕ್ಕೆ ಎರಡು ಗಂಡುಗಳಿದ್ದರೆ ಒಳ್ಳೆಯದು. ಎದೆಯ ಈಜುರೆಕ್ಕೆಗಳ ಮುಳ್ಳು ಬಲೆಗೆ ಸಿಕ್ಕಿಕೊಳ್ಳುವುದರಿಂದ ಅವುಗಳನ್ನು ಪಾತ್ರೆಯಲ್ಲಿಯೇ ಹಿಡಿಯುವುದು ಲೇಸು.

ಒಂದೆರಡು ವಾರ ಬ್ಲಡ್‌ವರ್ಮ್‌ನಂತಹ (ನೀರಿನಲ್ಲಿ ಬೆಳೆಯುವ ಕೆಂಪು ಕೀಟಮರಿ) ಆಹಾರ ಕೊಟ್ಟು, ಹೆಣ್ಣುಗಳ ಹೊಟ್ಟೆ ದುಂಡಗಾದ ಮೇಲೆ, ಮೂರನೆಯ ಒಂದು ಭಾಗದಷ್ಟು ನೀರನ್ನು ತೆಗೆದು, ಕ್ಲೋರಿನ್ ಇಲ್ಲದ, ತೊಟ್ಟಿಯ ನೀರಿಗಿಂತ ಮೂರು ನಾಲ್ಕು ಡಿಗ್ರಿ ಹೆಚ್ಚು ತಣ್ಣಗಿರುವ ನೀರನ್ನು ನಿಧಾನವಾಗಿ ತುಂಬಬೇಕು. ಫಲ ಕಾಣದಿದ್ದರೆ ಮರುದಿನ ಮತ್ತೊಮ್ಮೆ ಹಾಗೆಯೇ ಮಾಡಬಹುದು. ಹೀಟರಿನ ಶಾಖ ಹೆಚ್ಚಿಸುವುದು ಮಾತ್ರ ಇಲ್ಲಿ ತಿರುಗುಬಾಣವಾಗುತ್ತದೆ.

ಮಿಲನದ ದೃಶ್ಯ ವಿಚಿತ್ರವಾದದ್ದು. ಹೆಣ್ಣು ತನ್ನ ಬಾಯನ್ನು ಗಂಡಿನ ಹೊಟ್ಟೆಯ ಬದಿಗೆ ಒತ್ತಿ ಅಡ್ಡಲಾಗಿ ನಿಂತು, ಹೊಟ್ಟೆಯಡಿಯ ಈಜುರೆಕ್ಕೆಗಳನ್ನು ಬೊಗಸೆಯಂತೆ ಜೋಡಿಸಿ ಕೆಲವೇ ಮೊಟ್ಟೆಗಳನ್ನು ಅದರಲ್ಲಿ ಹಿಡಿಯುತ್ತದೆ. ಬಳಿಕ ಗಾಜನ್ನೋ ಎಲೆಯನ್ನೋ ಬಾಯಿಂದ ಉಜ್ಜಿ ಶುಚಿಗೊಳಿಸಿ ಅಲ್ಲಿ ಅಂಟಿಸುತ್ತದೆ. ಇದು ಗಂಟೆಗಟ್ಟಲೆ ನಡೆಯುತ್ತದೆ.

ಹೆತ್ತವರೇ ಮೊಟ್ಟೆಗಳನ್ನು ತಿಂದುಬಿಡುವುದರಿಂದ, ಅವು ಸ್ವಲ್ಪ ಗಟ್ಟಿಯಾದ ಮೇಲೆ ಬೆರಳಿನಿಂದ ಮೆಲ್ಲಗೆ ಉರುಳಿಸಿ ಬಿಡಿಸಿ, ಅದೇ ತೊಟ್ಟಿಯ ನೀರಿರುವ ಬೇರೆ ಪಾತ್ರೆಗೆ ಹಾಕಿ ಏರ್ ಪಂಪಿನಿಂದ ಗಾಳಿ ಬಿಡಬೇಕು. ಬೆಳ್ಳಗಾದ ಮೊಟ್ಟೆಗಳನ್ನು ಆಗಲೇ ತೆಗೆಯದಿದ್ದರೆ ಬೂಷ್ಟು ಪಕ್ಕದವಕ್ಕೂ ಹರಡುತ್ತದೆ. ಸುಮಾರು 4ರಿಂದ 6 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಅವುಗಳ ಒಡಲಿಗೆ ಅಂಟಿದ ಮೊಟ್ಟೆಯ ಹಳದಿ ಕರಗಿದ ಮೇಲೆ, ಮೊಟ್ಟೆಯೊಡೆದು ಆಗಷ್ಟೇ ಹೊರಬಂದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂತಹ ಜೀವಿ) ಮರಿಗಳನ್ನು ಕೊಡಬೇಕು.

ಹೆಚ್ಚಿನ ಮರಿಗಳು ಸಾಯುವುದು ತಳದಲ್ಲಿ ಕೊಳೆತ ಆಹಾರದಿಂದಲೇ ಎಂದು ನನ್ನ ಅಭಿಪ್ರಾಯ. ಆದ್ದರಿಂದ ಪ್ರತಿದಿನವೂ ಸಣ್ಣ ಕೊಳವೆಯಿಂದ ಕಸವನ್ನು ಹೀರಿ ತೆಗೆದು, ಅದೇ ತಾಪಮಾನದ ನೀರನ್ನು ತುಂಬಬೇಕು. ಹೀರಿದ ನೀರನ್ನು ಬಿಳಿ ಬಟ್ಟಲಿಗೆ ಬಿಟ್ಟರೆ, ಕಸದ ಜೊತೆಗೆ ಬಂದ ಮರಿಗಳನ್ನು ಗುರುತಿಸಿ ಮರಳಿ ತೊಟ್ಟಿಗೆ ಬಿಡಬಹುದು.